ಬಿಚ್ಚದ ಬೂಟು

ಅಣ್ಣ ಬೂಟು ಬಿಚ್ಚಲಿಲ್ಲ. ತಂಗಿಯ ಎರಡೂ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಒರೆಸಿ, ಬೆರಳ ಸಂದಿಗೆಲ್ಲ ಪುಡಿ ಹಾಕಿ, ಹಿಮ್ಮಡಿಗೆ ಸುಕ್ಕಿಲ್ಲದಂತೆ ಟೇಪು ಸುತ್ತಿ ಮುಗಿಸಿದವನು, ತನ್ನ ಸರದಿ ಬಂದಾಗ ಮಡಚುವ ಕುರ್ಚಿಗೆ ಒರಗಿ ಸೂಪಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದ. ಮೊಣಕಾಲಿನವರೆಗೆ ಮೆತ್ತಿದ್ದ ಜವುಗಿನ ಕಪ್ಪು ಕೆಸರು ಒಣಗಿ ಬಿರುಕು ಬಿಡುತ್ತಿತ್ತು. ಅವಳು ಚಾಪೆಯ ಮೇಲೆ ಕೂತು, ತೊಡೆಯ ಮೇಲೆ ಒಣ ಟವೆಲ್ ಹಾಸಿಕೊಂಡು ಕಾದಳು.

"ಕೊಡು," ಎಂದಳು.

"ಈ ಸಲ ಬೇಡ ಬಿಡೆ." ಅಣ್ಣ ಕಣ್ಣು ತೆರೆಯಲಿಲ್ಲ. "ಒಂದ್ಸಲ ಬಿಚ್ಚಿದ್ರೆ ಮತ್ತೆ ಒಳಗೆ ಹೋಗಲ್ಲ. ಸ್ವಲ್ಪ ಊದಿದೆ."

"ಯಾವ ಕಾಲು?"

"ಎರಡೂ. ಎಲ್ಲಾರ್ದೂ ಊದಿದೆ. ಆ ಗೇಟ್ ಹತ್ರ ನಿಂತಿದಾನಲ್ಲ, ಸೀಟಿ ಊದೋನು, ನಡೆಯದೇನೇ ಅವನ ಕಾಲೂ ಊದಿದೆ."

ಅವಳಿಗೆ ನಗು ಬಂತು. ನಕ್ಕಮೇಲೆ ಮತ್ತೆ "ಕೊಡು" ಎನ್ನುವುದು ಕಷ್ಟವಾಯಿತು.

ಒಬ್ಬರ ಕಾಲನ್ನು ಇನ್ನೊಬ್ಬರು ನೋಡಬೇಕು ಎಂಬ ನಿಯಮವನ್ನು ಮಾಡಿದವನು ಅಣ್ಣನೇ. ದಿನಗಟ್ಟಲೆ ಸರಿಯಾದ ನಿದ್ದೆಯಿಲ್ಲದೆ ನಡೆದು, ಸೈಕಲ್ ತುಳಿದು, ದೋಣಿಗೆ ಹುಟ್ಟು ಹಾಕಿ ಬಂದವನು ತನ್ನ ಕಾಲನ್ನು ತಾನೇ ನೋಡಿಕೊಂಡರೆ ಇರುವುದನ್ನು ನೋಡುವುದಿಲ್ಲ, ಬೇಕಾದದ್ದನ್ನು ನೋಡುತ್ತಾನೆ ಎಂದು ಅವನ ವಾದ. ಹಾಗಾಗಿ ಪ್ರತಿ ಡೇರೆಯಲ್ಲೂ ಬೂಟು ಬಿಚ್ಚಿ ಪಾದವನ್ನು ಎದುರಿನವರ ತೊಡೆಗೆ ಒಪ್ಪಿಸಬೇಕು. ಅವರು ಏನು ಹೇಳುತ್ತಾರೋ ಅದೇ ಕೊನೆಯ ಮಾತು. ಇದು ಜೋಡಿಗಳ ಓಟ. ಇಬ್ಬರೂ ಒಟ್ಟಿಗೇ ಗುರಿ ಮುಟ್ಟಬೇಕು. ಒಬ್ಬರು ಕೂತರೆ ಇನ್ನೊಬ್ಬರದೂ ಮುಗಿಯಿತು. ಬೇರೆ ಜೋಡಿಗಳಲ್ಲಿ ಗಂಡ ಹೆಂಡತಿ, ಗೆಳೆಯರು ಇದ್ದರು. ಅಣ್ಣ ತಂಗಿ ಇವರಿಬ್ಬರೇ.

ಇದು ಕೊನೆಯ ಡೇರೆ. ಇಲ್ಲಿಂದ ಮುಂದೆ ಕಲ್ಲುಗುಡ್ಡ, ಅದರ ನೆತ್ತಿಯಲ್ಲಿ ಹಿಮ, ಆಚೆಗೆ ಇಳಿದರೆ ಮೈದಾನ. ಸೂರ್ಯ ಮುಳುಗುವುದರೊಳಗೆ ಗೇಟು ದಾಟದ ಜೋಡಿಯನ್ನು ಮೇಲಕ್ಕೆ ಬಿಡುವುದಿಲ್ಲ. ಡೇರೆಯ ಬಾಗಿಲಿನಿಂದ ಕಾಣುತ್ತಿದ್ದ ಕೆರೆಯ ಮೇಲೆ ಬಿಸಿಲು ಆಗಲೇ ಓರೆಯಾಗಿತ್ತು.

ಅವಳು ಬೂಟಿನ ಅಂಗಡಿಯಲ್ಲಿ ಕೆಲಸ ಮಾಡುವವಳು. ಗಿರಾಕಿ ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬರುವಷ್ಟರಲ್ಲಿ ಅವರ ಹಿಮ್ಮಡಿ ಯಾವ ಕಡೆಗೆ ಸವೆಯುತ್ತದೆ, ಎಲ್ಲಿ ನೋಯುತ್ತದೆ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಬೆಳಿಗ್ಗೆಯಿಂದ ಅಣ್ಣ ಬಲಗಾಲನ್ನು ಹೊರಅಂಚಿನ ಮೇಲೆ ಊರುತ್ತಿದ್ದ. ಕಲ್ಲು ಇಳಿಯುವಾಗ ಏಡಿಯ ಹಾಗೆ ಅಡ್ಡಡ್ಡ ಇಳಿದಿದ್ದ. ಜವುಗಿನಲ್ಲಿ ಮುಂದೆ ಹೋಗಲೆಂದು ಅವಳ ಪಕ್ಕದಿಂದ ದಾಟಿದಾಗ, ಕೆಸರಿನ ವಾಸನೆಯ ಅಡಿಯಿಂದ ಇನ್ನೊಂದು ವಾಸನೆ ಬಂದಿತ್ತು: ಹೂದಾನಿಯಲ್ಲಿ ಬಹಳ ದಿನ ಉಳಿದುಹೋದ ನೀರಿನಂಥದ್ದು.

ಹೋದ ವರ್ಷ ಇದೇ ಡೇರೆಯಲ್ಲಿ ಅವಳಿಗೆ ಜ್ವರ ಬಂದು ಹಲ್ಲು ಕಟಕಟಿಸುತ್ತಿದ್ದಾಗ, ಅಣ್ಣ ಅವಳನ್ನು ಒಂದು ಮಾತೂ ಕೇಳದೆ ಗೇಟಿನವರ ಹತ್ತಿರ ಹೋಗಿ, ಓಟ ಬಿಟ್ಟೆವೆಂದು ತನ್ನ ಕೈಪಟ್ಟಿಯನ್ನು ಕತ್ತರಿಸಿಕೊಟ್ಟು ಬಂದಿದ್ದ. ಆಮೇಲೆ ಯಾವತ್ತೂ ಅದರ ಸುದ್ದಿ ಎತ್ತಲಿಲ್ಲ. ಅವನು ಓಡಿಸುವ ಸಿಟಿ ಬಸ್ಸಿನ ಡಿಪೋದಲ್ಲಿ ಅವನಿಗೆ ನಿಧಾನಪ್ಪ ಎಂದು ಹೆಸರು. ಜೊತೆಯವರು, "ಏನಪ್ಪಾ ನಿಧಾನಪ್ಪ, ಟರ್ಮಿನಸ್ ಬರೋಕೆ ಮುಂಚೆನೇ ಇಳಿದುಬಿಟ್ಯಂತೆ?" ಎಂದು ಕಿಚಾಯಿಸಿದರೆ, "ಬಸ್ಸು ಕೆಟ್ಟಿತ್ತು ಮಾರಾಯಾ" ಎನ್ನುತ್ತಿದ್ದ. ತಂಗಿಗೆ ಜ್ವರ ಬಂದಿತ್ತು ಎನ್ನಲಿಲ್ಲ. ಅವನು ಹೇಳಿದ್ದರೆ ಅವಳು ಜಗಳ ಆಡಬಹುದಿತ್ತು. ಆಡದೆ ಉಳಿದ ಆ ಜಗಳ ಇಡೀ ವರ್ಷ ಅವಳ ಜೊತೆಗಿತ್ತು. ಈ ಸಲ ಅವನಿಗಾಗಿ ಗುರಿ ಮುಟ್ಟಿಯೇ ತೀರಬೇಕು ಎಂದುಕೊಂಡು ಬಂದಿದ್ದಳು. ಅವನಿಗಾಗಿ ಎಂದೇ ಅಂದುಕೊಂಡಿದ್ದಳು.

ಅವಳು ಟವೆಲನ್ನು ಮಡಚಿದಳು.

ಹೊರಗೆ ವ್ಯಾನಿನ ಹಿಂಬಾಗಿಲು ತೆರೆದಿಟ್ಟುಕೊಂಡು ಅತ್ತಿಗೆ ನೀರಿನ ಬಾಟಲಿಗಳನ್ನು ತುಂಬುತ್ತಿದ್ದಳು. ಒಂದು ಡೇರೆಯಿಂದ ಇನ್ನೊಂದಕ್ಕೆ ಒಣ ಬಟ್ಟೆ, ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ ಹೇರಿಕೊಂಡು ಬರುವುದು ಅವಳ ಪಾಲು. ಈ ಹುಚ್ಚು ಅವಳಿಗೆ ಎಂದೂ ಅರ್ಥವಾಗಿರಲಿಲ್ಲ. ಆದರೆ ಒಂದು ಓಟಕ್ಕೂ ಅವಳು ಬರದೆ ಇದ್ದದ್ದಿಲ್ಲ.

"ಬಸ್ ಡ್ರೈವರ್ರನ್ನ ಕಟ್ಕೊಂಡ್ರೆ ಕೂತ್ಕೊಂಡು ಊರೆಲ್ಲ ನೋಡ್ಬೋದು ಅಂತ ಮದುವೆ ಆದೆ," ಎಂದಳು ಅವಳನ್ನು ಕಂಡು. "ನೋಡು, ಆ ಮನುಷ್ಯ ರಜ ಹಾಕಿ ನಡೀತಾನೆ. ತಿಂದ್ರಾ?"

"ಸೂಪ್ ಕುಡೀತಿದಾನೆ."

ಅತ್ತಿಗೆ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿದಳು. "ಕಾಲು ನೋಡಿದ್ಯಾ? ಕುಂಟುತ್ತಾ ಬಂದ ಹಾಗಿತ್ತು. ಕೇಳಿದ್ರೆ ಏನಿಲ್ಲ ಅಂತಾರೆ. ಅವರ ಬಾಯಲ್ಲಿ ಏನಿಲ್ಲ ಬಿಟ್ರೆ ಬೇರೆ ಬರಲ್ಲ. ನೀ ನೋಡಿಲ್ಲ ಅಂದ್ರೆ ಹೇಳು, ಆ ಡಾಕ್ಟರಮ್ಮನ್ನ ಕರ್ಕೊಂಡ್ ಬರ್ತೀನಿ."

ಡಾಕ್ಟರಮ್ಮ ಅಲ್ಲೇ ಪಕ್ಕದ ಡೇರೆಯ ಮುಂದೆ, ಪೆಟ್ಟಿಗೆಯ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದರು. ಅವರು ಬಂದರೆ ಬೂಟು ಬಿಚ್ಚಿಸುತ್ತಿದ್ದರು. ಮುಂದೆ ಹೋಗುವುದು ಬೇಡವೆನಿಸಿದರೆ ಅವರ ಕೈಯಲ್ಲೇ ಕತ್ತರಿ ಇತ್ತು, ಪಟ್ಟಿ ಕತ್ತರಿಸಲು.

"ನೋಡ್ದೆ ಅತ್ತಿಗೆ," ಎಂದಳು ಅವಳು. "ಚೆನ್ನಾಗಿದೆ. ಎರಡು ಬೊಬ್ಬೆ ಎದ್ದಿದೆ ಅಷ್ಟೆ. ಟೇಪ್ ಹಾಕಿದೀನಿ."

ಟೇಪಿನ ಮಾತು ಬೇಕಿರಲಿಲ್ಲ. "ನೋಡ್ದೆ" ಎಂದಿದ್ದರೆ ಸಾಕಾಗುತ್ತಿತ್ತು.

"ಸದ್ಯ," ಎಂದಳು ಅತ್ತಿಗೆ. ಮುಚ್ಚಳವನ್ನು ಪೂರ್ತಿ ತಿರುಗಿಸಿದಳು. "ನಿನ್ನ ಕಣ್ಣಿಗೆ ಬಿತ್ತು ಅಂದ್ರೆ ನಂಗೆ ನಿಶ್ಚಿಂತೆ."

ಅವಳು ಬಾಟಲಿಗಳನ್ನು ಎತ್ತಿಕೊಂಡು ತಿರುಗಿದಾಗ ಡೇರೆ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಬಟ್ಟೆಯ ಗೋಡೆಯ ಆಚೆ ಅಣ್ಣ ಕೂತಿದ್ದ ಕುರ್ಚಿಯ ನೆರಳು ಕಾಣುತ್ತಿತ್ತು.

ಗುಡ್ಡದ ಮೊದಲ ಏರಿನಲ್ಲಿ ಅಣ್ಣ ಎಂದಿನ ಹಾಗೆ ನಿಲ್ದಾಣ ಕೂಗುತ್ತ ಬಂದ. "ಮುಂದಿನ ಸ್ಟಾಪು ಒಡೆದ ಬಂಡೆ. ಇಳಿಯೋರು ಬಾಗಿಲ ಹತ್ರ ಬನ್ನಿ. ಬಾಗಿಲಲ್ಲಿ ನಿಲ್ಬೇಡಿ ತಾಯಿ, ಒಳಗೆ ಬೇಕಾದಷ್ಟು ಜಾಗ ಇದೆ." ಅವಳು ಮುಂದೆ, ಅವನು ಹಿಂದೆ. ಬೆಳಕು ಕಡಿಮೆಯಾದ ಹಾಗೆ ಇಬ್ಬರೂ ಹಣೆಯ ದೀಪ ಹಚ್ಚಿಕೊಂಡರು. ಕಲ್ಲಿನ ಮೇಲೆ ಹಿಮ ಸಿಗತೊಡಗಿದ ಮೇಲೆ ನಿಲ್ದಾಣಗಳು ದೂರದೂರವಾದವು. ಗಾಳಿ ಎದ್ದ ಮೇಲೆ ನಿಂತೇಹೋದವು. ಅವನ ದೀಪದ ಬೆಳಕು ಮಾತ್ರ ಅವಳ ಕಾಲ ಪಕ್ಕದಲ್ಲಿ ಬಿದ್ದು ಅಲುಗುತ್ತಿತ್ತು. ಅದು ಇರುವವರೆಗೆ ಅವನು ಬರುತ್ತಿದ್ದಾನೆ ಎಂದರ್ಥ. ಅವಳು ತಿರುಗಿ ನೋಡಲಿಲ್ಲ. ನೋಡಿದರೆ ಕೇಳಬೇಕಾಗುತ್ತಿತ್ತು.

ನೆತ್ತಿಯ ಕೆಳಗೆ ಕಲ್ಲಿನ ಗುಡಿಸಲಿತ್ತು. ಅಲ್ಲಿ ಓಟದವರ ಕಡೆಯಿಂದ ಕಾವಲಿದ್ದ ಹೆಂಗಸು ಕಂಬಳಿ ಹೊದ್ದುಕೊಂಡೇ ಬಾಗಿಲಿಗೆ ಬಂದು, ದೀಪವನ್ನು ಮೊದಲು ಅವಳ ಮುಖಕ್ಕೆ, ಆಮೇಲೆ ಅಣ್ಣನ ಮುಖಕ್ಕೆ ಹಿಡಿದಳು.

"ಇಬ್ರೂ ಸರಿಯಾಗಿದೀರಾ? ಇಲ್ಲಿಂದ ಆಚೆ ಇಳಿದ್ರೆ ನಾನು ಬರಕ್ಕಾಗಲ್ಲ."

"ಸರಿಯಾಗಿದೀವಿ," ಎಂದರು ಇಬ್ಬರೂ. ಎರಡು ಬಾಯಿಂದ ಒಂದೇ ಸಲಕ್ಕೆ ಬಂತು. ಹೆಂಗಸು ನಕ್ಕು, "ಒಳ್ಳೆ ಜೋಡಿ" ಎಂದು ಬಾಗಿಲು ಹಾಕಿಕೊಂಡಳು.

ಗುರಿ ಎಂದರೆ ಶಾಲೆಯೊಂದರ ಫುಟ್‌ಬಾಲ್ ಮೈದಾನ. ಅವರು ತಲುಪಿದಾಗ ಬಿಸಿಲು ಚೆನ್ನಾಗಿ ಏರಿತ್ತು. ಗಾಳಿ ತುಂಬಿದ ಕಮಾನು ಒಂದು ಕಡೆ ಗಾಳಿ ಸೋರಿ ಬಗ್ಗಿತ್ತು. ಹಾಗಾಗಿ ಕೊನೆಯ ಗೆರೆಯನ್ನು ಇಬ್ಬರೂ ತಲೆ ತಗ್ಗಿಸಿ ದಾಟಿದರು. ಯಾರೋ ಚಪ್ಪಾಳೆ ತಟ್ಟಿದರು. ಯಾರೋ ಕೊರಳಿಗೆ ಪದಕ ಹಾಕಿ ಫೋಟೋ ತೆಗೆದರು. ಆ ಫೋಟೋದಲ್ಲಿ ಅವಳು ನಗುತ್ತಿದ್ದಾಳೆ. ಅಣ್ಣ ಅವಳ ಭುಜ ಹಿಡಿದುಕೊಂಡಿದ್ದಾನೆ. ನೋಡಿದವರಿಗೆ ಅದು ಪ್ರೀತಿಯಂತೆ ಕಾಣುತ್ತದೆ. ಆ ಕೈಯ ಭಾರ ಎಷ್ಟಿತ್ತೆಂದು ಗೊತ್ತಿದ್ದದ್ದು ಅವಳಿಗೆ ಮಾತ್ರ.

ಮೈದಾನದ ಅಂಚಿನ ಮಡಚುವ ಮಂಚದ ಮೇಲೆ ಮಲಗಿಸಿದಾಗ ಅಣ್ಣನ ಬಲಗಾಲಿನ ಬೂಟನ್ನು ಬಿಚ್ಚಲಾಗಲಿಲ್ಲ. ಡಾಕ್ಟರಮ್ಮ ಕತ್ತರಿಯಿಂದ ಅದನ್ನು ಪಕ್ಕದಿಂದ ಸೀಳಿದರು, ಸಾಕ್ಸನ್ನೂ ಸೀಳಿದರು. ಆ ವಾಸನೆ ಈಗ ಎಲ್ಲರಿಗೂ ಬಂತು. ಅತ್ತಿಗೆ ಸೆರಗನ್ನು ಮೂಗಿಗೆ ಒತ್ತಿಕೊಂಡವಳು ಮತ್ತೆ ಅದನ್ನು ಬಾಯಿಗೆ ಒತ್ತಿಕೊಂಡಳು.

"ಇದು ಒಂದು ರಾತ್ರಿಗೆ ಆಗಿದ್ದಲ್ಲ," ಎಂದರು ಡಾಕ್ಟರಮ್ಮ. "ಕೊನೇ ಡೇರೇಲಿ ಯಾರೂ ನೋಡ್ಲಿಲ್ವಾ? ನಾನು ಅಲ್ಲೇ ಇದ್ನಲ್ಲ!"

"ನೋಡಿದ್ಲು," ಎಂದಳು ಅತ್ತಿಗೆ ತಟ್ಟನೆ. ಹೊರಗಿನವರ ಎದುರು ಮನೆಯವಳನ್ನು ಬಿಟ್ಟುಕೊಡಬಾರದು ಎನ್ನುವ ಹಾಗೆ ಒಂದು ಹೆಜ್ಜೆ ಮುಂದೆ ಬಂದಳು. "ಇವಳೇ ನೋಡಿ ಟೇಪ್ ಹಾಕಿದ್ಲು. ಬೂಟಿನ ಅಂಗಡೀಲಿ ಕೆಲಸ ಮಾಡೋಳು, ಅವಳಿಗೆ ಗೊತ್ತಾಗಲ್ವಾ? ಆಗ ಚೆನ್ನಾಗಿತ್ತು. ಅಲ್ವೇನೇ?"

ಸೀಳಿದ ಸಾಕ್ಸು ಎಲ್ಲರೆದುರೇ ಬಿದ್ದಿತ್ತು. ಪಾದದ ಮೇಲೆ ಟೇಪಿನ ಚೂರೂ ಇರಲಿಲ್ಲ. ಡಾಕ್ಟರಮ್ಮ ಪಾದವನ್ನು ನೋಡಿದರು, ಆಮೇಲೆ ಅವಳನ್ನು ನೋಡಿದರು. ಅವಳು ಬಾಯಿ ತೆರೆದಳು.

"ಹೌದು," ಎಂದ ಅಣ್ಣ, ಮಂಚದ ಮೇಲಿಂದ. "ಆಗ ಚೆನ್ನಾಗೇ ಇತ್ತು. ಟೇಪ್ ಗುಡ್ಡದ ಮೇಲೆ ನಾನೇ ಕಿತ್ತು ಬಿಸಾಕಿದೆ. ಒತ್ತುತಾ ಇತ್ತು."

ಡಾಕ್ಟರಮ್ಮ ಮುಂದೆ ಏನೂ ಕೇಳದೆ ಆಂಬುಲೆನ್ಸ್ ಕರೆಯಲು ಎದ್ದುಹೋದರು.

ಆಸ್ಪತ್ರೆಯಲ್ಲಿ ಬಲಗಾಲಿನ ಹೆಬ್ಬೆರಳನ್ನೂ ಅದರ ಪಕ್ಕದ್ದನ್ನೂ ತೆಗೆದರು. ಗಾಯ ಮಾಗಿದ ಮೇಲೂ ಪಾದದ ಮುಂಭಾಗಕ್ಕೆ ಸ್ಪರ್ಶ ಬರಲಿಲ್ಲ. ಡಿಪೋದವರು ಪರೀಕ್ಷೆ ಮಾಡಿಸಿ, ಬಲಗಾಲಿಗೆ ಪೆಡಲ್ ಗೊತ್ತಾಗದವನ ಕೈಗೆ ಬಸ್ಸು ಕೊಡಲು ಆಗುವುದಿಲ್ಲ ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಣ್ಣನಿಗೆ ಬೇರೆ ಕೆಲಸ ಕೊಟ್ಟರು: ಬಸ್ಸುಗಳಲ್ಲಿ ಜನ ಮರೆತುಹೋದ ಸಾಮಾನುಗಳ ಕೋಣೆ.

ಅದು ಡಿಪೋದ ಹಿಂಭಾಗದಲ್ಲಿ, ಬಸ್ಸು ತೊಳೆಯುವ ಜಾಗಕ್ಕೆ ಅಂಟಿಕೊಂಡಿತ್ತು. ಒಂದು ಸಂಜೆ ಅಂಗಡಿಯಿಂದ ಬೇಗ ಹೊರಟು ಅವಳು ಅಲ್ಲಿಗೆ ಹೋದಳು. ಗೋಡೆಯುದ್ದಕ್ಕೂ ಛತ್ರಿಗಳು, ಮಕ್ಕಳ ಸ್ವೆಟರುಗಳು, ಜೊತೆ ತಪ್ಪಿದ ಕೈಗವಸುಗಳು. ಮೂಲೆಯಲ್ಲಿ ಒಂದು ಊರುಗೋಲು.

"ಇದನ್ನ ಮರೆತು ಹೋಗಿದಾನೆ ನೋಡು," ಎಂದ ಅಣ್ಣ. "ಬಸ್ ಹತ್ತುವಾಗ ಕುಂಟ, ಇಳಿಯುವಾಗ ವಾಸಿ. ನಮ್ಮ ಸರ್ವೀಸ್ ಅಂದ್ರೆ ಏನು ಅಂದ್ಕೊಂಡೆ!"

ಅವಳು ನಗಲಿಲ್ಲ. "ಅತ್ತಿಗೆಗೆ ಹೇಳ್ಬೇಕು ಅಂತಿದೀನಿ."

"ಏನಂತ?"

"ನಾನು ನೋಡಲಿಲ್ಲ ಅಂತ."

ಅಣ್ಣ ಒಂದು ಛತ್ರಿಯ ಮುರಿದ ಕಡ್ಡಿಯನ್ನು ಬೆರಳಿನಿಂದ ನೇರ ಮಾಡತೊಡಗಿದ. "ನೀ ಕೊಡು ಅಂದೆ. ನಾನು ಕೊಡಲಿಲ್ಲ. ಅಲ್ಲಿಗಾಯ್ತು."

"ಅಲ್ಲಿಗಾಗಿಲ್ಲ. ನಂಗೆ ಗೊತ್ತಿತ್ತು ಅಣ್ಣ. ಬೆಳಿಗ್ಗೆಯಿಂದ ಗೊತ್ತಿತ್ತು."

ಹೊರಗೆ ಬಸ್ಸೊಂದನ್ನು ತೊಳೆಯುವ ನೀರು ಗೋಡೆಗೆ ಬಡಿದು ಸದ್ದಾಯಿತು. ಅದು ನಿಲ್ಲುವವರೆಗೆ ಅವನು ಕಾದ.

"ನಿಂಗೆ ಗೊತ್ತಿತ್ತು ಅಂತ ನಂಗೂ ಗೊತ್ತಿತ್ತು ಕಣೆ. ಡೇರೆ ಬಟ್ಟೆ ಎಷ್ಟು ದಪ್ಪ ಇರುತ್ತೆ? ನಾನೇ ಎದ್ದು ಬಂದು ಇಲ್ಲ, ಇವಳು ನೋಡಿಲ್ಲ ಅನ್ಬೋದಿತ್ತು. ಸೂಪು ಮುಗಿಸಿದೆ."

"ಹಂಗಾದ್ರೆ ಇಬ್ರೂ ಹೇಳೋಣ."

"ಹೇಳಿ?" ಅವನು ಛತ್ರಿಯನ್ನು ಕೆಳಗಿಟ್ಟ. "ಅವಳು ನನ್ನ ಮಾತು ನಂಬೋದು ಬಿಟ್ಟು ಎಷ್ಟೋ ವರ್ಷ ಆಯ್ತು. ನಾನು ಏನಿಲ್ಲ ಅಂದ್ರೆ ನಿನ್ನ ಕೇಳ್ತಾಳೆ. ಮೊನ್ನೆ ಕೂಡ, ಗಾಯ ಒಣಗಿದೆ ಅಂದೆ, ಇರಿ, ಅವಳು ಬರ್ಲಿ, ನೋಡಿ ಹೇಳ್ಲಿ ಅಂದ್ಲು. ನಾಳೆಯಿಂದ ಯಾರನ್ನ ಕೇಳ್ಬೇಕು ಅವಳು?"

ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತು, ನೀಲಿ ಬಣ್ಣದ ಪರ್ಸು ಸಿಕ್ಕಿದೆಯೇ ಎಂದು ಕೇಳಿದಳು. ಅಣ್ಣ ಎದ್ದು ಕಪಾಟಿನವರೆಗೆ ಹೋದ. ಹೋಗಿ ಬರುವುದನ್ನು ಅವಳು ನೋಡಿದಳು: ಎಡಗಾಲು ಊರಿ, ಬಲಗಾಲನ್ನು ನೆಲಕ್ಕೆ ಇಡುವ ಮುಂಚೆ ಒಂದು ಕ್ಷಣದ ಅನುಮಾನ.

ಕೋಣೆಗೆ ಬೀಗ ಹಾಕಿ ಇಬ್ಬರೂ ಒಂದೇ ಬಸ್ಸು ಹತ್ತಿದರು. ಚಾಲಕ ಹೊಸಬ, ಅಣ್ಣನ ಹಳೆಯ ದಾರಿಯನ್ನು ಈಗ ಅವನಿಗೆ ಕೊಟ್ಟಿದ್ದರು. "ಬನ್ನಿ ನಿಧಾನಪ್ಪಣ್ಣ, ಕೂತ್ಕೊಳಿ, ಈ ಹೊತ್ತಲ್ಲೂ ನಿಮಗೆ ಸೀಟಿದೆ," ಎಂದ. ಅಣ್ಣ ಅವನ ಹಿಂದಿನ ಮೊದಲ ಸೀಟಿನಲ್ಲಿ ಕುಳಿತ, ಅವಳು ಪಕ್ಕದಲ್ಲಿ. ಮನೆಯಲ್ಲಿ ಅತ್ತಿಗೆ ಇಬ್ಬರಿಗೂ ಊಟಕ್ಕೆ ಕಾಯುತ್ತಿದ್ದಳು. ಅಂಗಡಿಗಳ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು. ಅವಳು ಏನೋ ಹೇಳಲು ಹೋಗಿ ಅಣ್ಣನ ಮುಖ ನೋಡಿದಳು. ಅವನು ಕಿಟಕಿಯನ್ನಾಗಲಿ ಅವಳನ್ನಾಗಲಿ ನೋಡುತ್ತಿರಲಿಲ್ಲ. ಚಾಲಕನ ಭುಜದ ಮೇಲಿನಿಂದ ರಸ್ತೆಯನ್ನು ನೋಡುತ್ತಿದ್ದ.

ಇಳಿಜಾರಿನ ಕೊನೆಯಲ್ಲಿ ಕೆಂಪು ದೀಪ ಬಿತ್ತು. ಬಸ್ಸು ಇನ್ನೂ ಅದೇ ವೇಗದಲ್ಲಿತ್ತು. ಸೀಟಿನ ಕೆಳಗೆ ಅಣ್ಣನ ಬಲಗಾಲು ಸ್ವಲ್ಪ ಮುಂದೆ ಸರಿದು ಬಸ್ಸಿನ ನೆಲವನ್ನು ಮೆಲ್ಲಗೆ, ಒಂದೇ ಸಮನೆ, ಒತ್ತತೊಡಗಿತು.