ಜೋಕಾಲಿ ಏರಿದ ಮೊಣಕಾಲು

ನಿಜಾಮರ ಕಾಲದ ಕುಷ್ಟಗಿಯಲ್ಲಿ ಅಫೀಮು ಮಾರುವ ಪರವಾನಗಿ ಇದ್ದದ್ದು ಕೊಟ್ರಬಸಪ್ಪನೊಬ್ಬನಿಗೇ. ಅದನ್ನು ಯಾರು, ಯಾವ ಬೇನೆಗೆ ಒಯ್ಯುತ್ತಾರೆಂದು ತಪಾಸಣೆಗೆ ಬಂದ ಅಬಕಾರಿ ದರೋಗಾ, ಗಿರಾಕಿಗಳ ಪಟ್ಟಿಯಲ್ಲಿದ್ದ ಮುದುಕಿ ಗುರುಲಿಂಗಮ್ಮನ ಮೊಣಕಾಲು ನೋವನ್ನು ಕಣ್ಣಾರೆ ಕಾಣಬೇಕೆಂದು ಹಟ ಹಿಡಿದ. ಅವತ್ತೇ ಹೆಂಗಸರು ಜೋಕಾಲಿಯಾಡುವ ನಾಗರ ಪಂಚಮಿ ಬರಬೇಕೆ! ಗುರುಲಿಂಗಮ್ಮ ಬೇವಿನ ಮರದ ಜೋಕಾಲಿಯ ಮೇಲೆ ನಿಂತು, ಕೊಂಬೆ ಮುಟ್ಟುವಂತೆ ಜೀಕುತ್ತಿದ್ದಳು. ಆಕೆ ಒಂದು ಹೆಜ್ಜೆಯೂ ಎತ್ತಿಡಲಾರಳೆಂದು ಆಗ ತಾನೇ ಆಣೆ ಮಾಡಿದ್ದ ಕೊಟ್ರಬಸಪ್ಪನ ಜೀವ ಬಾಯಿಗೆ ಬಂತು.

“ಎಲ್ಲೈತಿ ಬೇ ನಿನ್ನ ಮೊಣಕಾಲ ಬ್ಯಾನಿ?” ಎಂದು ದರೋಗಾ ಗುಡುಗಿದ.

“ಕೆಳಗ ಐತ್ರಿ ಸಾಹೇಬ್ರ, ನೆಲದ ಮ್ಯಾಲ,” ಎಂದಳು ಮುದುಕಿ ಮೇಲಿಂದಲೇ. “ನನ್ನ ಇಳಿಸೂದಾದ್ರ ಮೊದಲು ಅಫೀಮಿನ ಗುಳಿಗಿ ತರಿಸ್ರಿ!”

ದರೋಗಾ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಕೋಟು ಬಿಚ್ಚಿ ಕೊಟ್ರಬಸಪ್ಪನ ಕೈಗಿಟ್ಟು, ಜೋಕಾಲಿಯನ್ನು ತಾನೇ ಜೋರಾಗಿ ತೂಗಿಬಿಟ್ಟ.