ಪಾಲಮ್ಮ ಆರಿಸಿದ ಮಚ್ಚು

ತೀರಿಕೊಂಡ ಅಪ್ಪನ ಕಾಲಿನ ಹೆಬ್ಬೆರಳುಗಳನ್ನು ಸೇರಿಸಿ ಕಟ್ಟುತ್ತಿದ್ದ ಪಾಲಮ್ಮ ತಲೆಯೆತ್ತುವಷ್ಟರಲ್ಲಿ, ಚಿಕ್ಕಪ್ಪ ಉಗ್ರಪ್ಪ ಸೂರಿಗೆ ಸಿಕ್ಕಿಸಿದ್ದ ಗಿಡ್ಡ ಮಚ್ಚನ್ನು ಎಳೆದುಕೊಂಡು ಅಂಗಳಕ್ಕಿಳಿದಿದ್ದ.

“ಚಿಗಪ್ಪ, ಅದು ಅಪ್ಪನ ಮಚ್ಚು.”

“ಅದ್ಕೇ ತಗಂಡಿದ್ದು ಕಣವ್ವ. ಅಣ್ಣನ ಗುಂಡಿಗೆ ಅಣ್ಣನ ಮಚ್ಚಲ್ಲೇ ಮುಳ್ಳು ಕಡೀತೀನಿ. ನೀನು ಇಲ್ಲೇ ಕುಂತ್ಕಂಡು ಅಳು.”

ಹಿರೇಗುಂಟನೂರಿನ ಆಚೆಗಿನ ಆ ಹಟ್ಟಿಯಲ್ಲಿ ಒಂದು ಕಟ್ಟಳೆಯಿತ್ತು. ಹೂತ ಗುಂಡಿಯನ್ನು ನಾಯಿ ನರಿ ಕೆದಕದಂತೆ ಮೇಲೆ ಕಾರೆಮುಳ್ಳು ಹೇರಬೇಕು. ಆ ಮುಳ್ಳನ್ನು ಮೊದಲು ತಂದು ಹಾಕಿದವರಿಗೇ ಸತ್ತವನ ಕುರಿಮಂದೆ. ಮಗನಿದ್ದ ಮನೆಯಲ್ಲಿ ಮಗ ತರುತ್ತಿದ್ದ, ತಕರಾರು ಏಳುತ್ತಿರಲಿಲ್ಲ. ಅಪ್ಪ ಚಿತ್ತಯ್ಯನಿಗೆ ಇದ್ದವಳು ಪಾಲಮ್ಮ ಒಬ್ಬಳೇ. ಗಂಡ ತೀರಿಕೊಂಡ ಮೇಲೆ ಅಪ್ಪನ ಜೊತೆ ಕುರಿ ಕಾಯ್ದುಕೊಂಡೇ ಬದುಕಿದವಳು. ಮಂದೆ ಕೈತಪ್ಪಿದರೆ ಅವಳು ಚಿಕ್ಕಪ್ಪನ ಮನೆಯ ಒಲೆ ಮುಂದೆ ಕೂರಬೇಕಿತ್ತು.

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹಟ್ಟಿಯ ಯಜಮಾನ ತಿಪ್ಪಯ್ಯನ ಮುಂದೆ ನಿಂತಳು. “ತಾತ, ನಾನೂ ಮುಳ್ಳಿಗೆ ಹೋಗ್ತೀನಿ.”

“ಹೆಣ್ಮಕ್ಳು ಹೋಗಿದ್ದು ನಾನು ಕಂಡಿಲ್ಲವ್ವ.”

“ಹೋಗಬಾರ್ದು ಅಂತ ಯಾರಾದ್ರೂ ಹೇಳಿದ್ದು ಕೇಳಿದೀರಾ?”

ಹೆಣದ ತಲೆದೆಸೆಯಲ್ಲಿ ರಾಗವಾಗಿ ಅಳುತ್ತಿದ್ದ ಮುದುಕಿ ಸಿದ್ದಕ್ಕ ಅಳುವನ್ನು ಅರ್ಧಕ್ಕೇ ನಿಲ್ಲಿಸಿ, “ಅದನ್ನೂ ಕೇಳಿಲ್ಲ ಬಿಡು,” ಎಂದಳು. ತಿಪ್ಪಯ್ಯ ಗಡ್ಡ ಕೆರೆದುಕೊಂಡು ಹೂಂ ಅಂದ.

ಉಗ್ರಪ್ಪನಿಗೆ ನಗು ತಡೆಯಲಾಗಲಿಲ್ಲ. “ಯಾತರಲ್ಲಿ ಕಡೀತಾಳಂತೆ? ಆ ನಾಟಕದ ಕತ್ತೀಲಾ?”

*

ನಾಟಕದ ಕತ್ತಿ ಬಂದದ್ದು ಎಪ್ಪತ್ತೊಂದನೆಯ ಇಸವಿಯಲ್ಲಿ, ಹಿರಿಯೂರು ಸಂತೆಯಿಂದ. ಕಮ್ಮಾರ ಗೋಣಿಚೀಲದ ಮೇಲೆ ಎರಡು ಬಗೆಯ ಮಚ್ಚು ಹರವಿದ್ದ. ಒಂದು ಗಿಡ್ಡ, ದಪ್ಪ, ಮೂತಿ ಕೊಕ್ಕಿನಂತೆ ಬಾಗಿದ್ದು. ಇನ್ನೊಂದು ಮೊಳಕ್ಕಿಂತ ಉದ್ದ, ತೆಳು, ನೆಟ್ಟಗಿನದು. ಕೊಂಬೆಯನ್ನು ಎಳೆದು ಸೊಪ್ಪು ಸವರಲು ಕುರಿ ಕಾಯುವವರೆಲ್ಲ ಕೊಕ್ಕಿನದನ್ನೇ ಕೊಳ್ಳುತ್ತಿದ್ದರು. ಪಾಲಮ್ಮ ಉದ್ದದ್ದನ್ನು ಎತ್ತಿಕೊಂಡಳು. ಅದರ ಹೊಳಪಿಗೆ ಮರುಳಾಗಿದ್ದಳು, ಅಷ್ಟೇ.

“ಸೊಪ್ಪಿಗೆ ಅದು ಒಗ್ಗಲ್ಲ ಕಣವ್ವ,” ಎಂದ ಚಿತ್ತಯ್ಯ.

“ನಂಗೆ ಇದೇ ಬೇಕು.”

ಬೇರೆ ಅಪ್ಪಂದಿರಾಗಿದ್ದರೆ ಕಿತ್ತು ವಾಪಸು ಇಡುತ್ತಿದ್ದರು. ಚಿತ್ತಯ್ಯ ಬಬ್ಬೂರಿನ ಹೊಲಗಳಲ್ಲಿ ಗೊಬ್ಬರಕ್ಕೆ ಮಂದೆ ತಂಗಿಸುತ್ತ, ಯಾರ ಬಾಯಿಗೂ ಬೀಳದೆ ಕಾಲ ಹಾಕಿದ ಮನುಷ್ಯ. “ಆರಿಸಿದೋಳು ನೀನು, ಪಳಗಿಸೋಳೂ ನೀನೇ,” ಎಂದಷ್ಟೇ ಹೇಳಿದ.

ಹಟ್ಟಿಗೆ ಹಟ್ಟಿಯೇ ಅದನ್ನು ನಾಟಕದ ಕತ್ತಿ ಎಂದು ನಕ್ಕಿತು. ಮಚ್ಚು ಕೊಂಬೆಗೆ ಬಡಿದು ಪುಟಿದು ಅವಳ ಮೊಣಕಾಲನ್ನೇ ಸವರಿತು. ಅಪ್ಪ ಗಾಯಕ್ಕೆ ಸೊಪ್ಪು ಅರೆದು ಕಟ್ಟಿದನೇ ಹೊರತು ಮಚ್ಚು ಬದಲಿಸಲಿಲ್ಲ. ಒಂದು ಕವೆಗೋಲು ಕಡಿದು ಅವಳ ಎಡಗೈಗೆ ಕೊಟ್ಟ. “ಕೊಂಬೆ ತಂಟೆಗೆ ಹೋಗಬ್ಯಾಡ. ಕವೇಲಿ ಮೇಲಕ್ಕೆತ್ತಿ ಹಿಡಿ, ಬುಡಕ್ಕೆ ಬೀಸು.” ಆಮೇಲೆ ಕುರಿರೊಪ್ಪದ ಬೇಲಿಗೆ ಮುಳ್ಳು ಬೇಕಾದಾಗಲೆಲ್ಲ ಅವಳನ್ನೇ ಕಳಿಸುತ್ತಿದ್ದ. ವರ್ಷದ ಮುಕ್ಕಾಲು ಪಾಲು ಹೊಸದುರ್ಗದ ಕಡೆ ಕುರಿ ಮೇಯಿಸಿಕೊಂಡಿರುತ್ತಿದ್ದ ಉಗ್ರಪ್ಪನಿಗೆ ಇದೊಂದೂ ಗೊತ್ತಿರಲಿಲ್ಲ.

*

ಹೆಣ ಎತ್ತುತ್ತಿದ್ದಂತೆ ಇಬ್ಬರೂ ಗುಡ್ಡದ ತಪ್ಪಲಿಗೆ ಹೋದರು.

ಉಗ್ರಪ್ಪ ಕಾರೆಯ ಪೊದೆಗೆ ಕೊಕ್ಕು ಹಾಕಿ ಎಳೆದ. ಒಂದು ಕೊಂಬೆ ಬಂತು, ಅದರ ಹಿಂದೆಯೇ ಮಿಕ್ಕವೆಲ್ಲ ಅವನ ಪಂಚೆಗೆ ಹತ್ತಿಕೊಂಡವು. ಗಿಡ್ಡ ಮಚ್ಚಿಗೆ ಬುಡ ಎಟುಕಬೇಕಾದರೆ ಆಸಾಮಿಯೇ ಒಳಗೆ ನುಗ್ಗಬೇಕು. ಅವನು ನುಗ್ಗಿದ. “ಅಯ್ಯಯ್ಯಪ್ಪೋ!” ಎಂಬ ಕೂಗು ಗುಡ್ಡಕ್ಕೆಲ್ಲ ಕೇಳಿಸಿತು.

ಪಾಲಮ್ಮ ಕವೆಗೋಲಿನಿಂದ ಕೊಂಬೆಗಳನ್ನು ಎತ್ತಿ ಹಿಡಿದು, ಹೊರಗೇ ನಿಂತು ಬಗ್ಗಿ, ಮಚ್ಚನ್ನು ನೆಲದ ಮಟ್ಟಕ್ಕೆ ಬೀಸಿದಳು. ಅಳು ಒತ್ತರಿಸಿಕೊಂಡು ಬಂತು. ತಡೆಯಲಿಲ್ಲ, ಅಳುತ್ತಲೇ ಮತ್ತೆ ಮತ್ತೆ ಬೀಸಿದಳು. ಇಡೀ ಪೊದೆ ಬುಡ ಕಳಚಿ ಪಕ್ಕಕ್ಕೆ ವಾಲಿತು.

“ನೋಡಪ್ಪ!” ಎಂದು ಕೂಗಿಯೇಬಿಟ್ಟಳು. ನೋಡಬೇಕಾದವನನ್ನು ಅಷ್ಟು ಹೊತ್ತಿಗೆ ಗುಂಡಿಗೆ ಇಳಿಸಿದ್ದರು. ಆದರೂ ಅವಳ ಎದೆ ಹೆಮ್ಮೆಯಿಂದ ಉಬ್ಬಿತು.

ಪೊದೆಯನ್ನು ಹಗ್ಗಕ್ಕೆ ಕಟ್ಟಿ ದರದರ ಎಳೆದುಕೊಂಡು ಬಂದಾಗ ಗುಂಡಿಗೆ ಕೊನೆಯ ಮಣ್ಣು ಬೀಳುತ್ತಿತ್ತು. ಅವಳು ಮುಳ್ಳನ್ನು ಹೊರಳಿಸಿದಳು. ತಲೆಯಿಂದ ಕಾಲಿನವರೆಗೂ ಗುಂಡಿ ಮುಚ್ಚಿಹೋಯಿತು.

“ಬಿತ್ತು ಮುಳ್ಳು,” ಎಂದ ತಿಪ್ಪಯ್ಯ, ಎಲ್ಲರಿಗೂ ಕೇಳುವಂತೆ. “ಮಂದೆ ಪಾಲಮ್ಮಂದು.”

ಹರಿದ ಪಂಚೆಯಲ್ಲಿ, ಒಂದು ಹಿಡಿ ಕೊಂಬೆ ಹಿಡಿದು ಉಗ್ರಪ್ಪ ಏದುಸಿರು ಬಿಡುತ್ತ ಬಂದ. ಸಿದ್ದಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಇಟ್ಕಂಡಿರಪ್ಪ ಅದನ್ನ. ನನ್ ಗುಂಡಿಗೆ ಆಗ್ತೈತೆ.” ಸಾವಿನ ಮನೆಯವರೂ ನಕ್ಕರು, ಪಾಲಮ್ಮನೂ ನಕ್ಕಳು.

ಬೆಳಗಿನಿಂದ ರೊಪ್ಪದಲ್ಲೇ ಹಸಿದು ಅರಚುತ್ತಿದ್ದ ಕುರಿಗಳಿಗೆ ಸೂತಕ ಗೊತ್ತೇ? ಹಟ್ಟಿಗೆ ಹಿಂತಿರುಗಿದ ಪಾಲಮ್ಮ ಬೇಲಿ ಸರಿಸಿ, ನಾಲಗೆ ಮಡಚಿ ಉದ್ದಕ್ಕೆ ಸೀಟಿ ಹಾಕಿದಳು. ಮಂದೆ ಹೊರಳಿ ಅವಳ ಹಿಂದೆ ಇಕ್ಕಟ್ಟಿನ ದಾರಿಗೆ ಬಿದ್ದಿತು. ಎದುರಿಗೆ ಬರುತ್ತಿದ್ದ ಉಗ್ರಪ್ಪ ದಾರಿ ಬಿಟ್ಟು ಪಕ್ಕಕ್ಕೆ ಸರಿದು, ಕಡೆಯ ಕುರಿ ತನ್ನ ಮೊಣಕಾಲು ಉಜ್ಜಿಕೊಂಡು ಹೋಗುವವರೆಗೂ ದೂಳಿನಲ್ಲಿ ನಿಂತೇ ಇದ್ದ.