ಅಣ್ಣನ ಟ್ಯಾಂಕಿನ ಬಣ್ಣ

ಹಸಿರು ಒಣಗುತ್ತಾ ಕಪ್ಪಾಗುತ್ತದೆ, ಬಾಟಲಿಯಲ್ಲಿ ಒಂದು ಬಣ್ಣ, ಬ್ರಶ್ಶಿನಲ್ಲಿ ಇನ್ನೊಂದು, ಪ್ಲಾಸ್ಟಿಕ್ಕಿಗೆ ಹತ್ತಿದ ಮೇಲೆ ಮತ್ತೊಂದೇ, ಇದಾದರೂ ಸರಿಯಾ ಅಣ್ಣ ಎಂದು ವಿಜೇತಾ ಅಂಗೈಯಗಲದ ಟ್ಯಾಂಕನ್ನು ಗಾಲಿಕುರ್ಚಿಯ ಮುಂದೆ ಹಿಡಿಯುತ್ತಾಳೆ, ಕಮಲಾಕ್ಷ ಕಣ್ಣು ಕಿರಿದಾಗಿಸಿ ನೋಡುತ್ತಾನೆ, ತುಟಿ ಒಂದು ಬದಿಗೆ ಎಳೆಯುತ್ತದೆ, ಅತ್ತ್. ಅಲ್ಲವಂತೆ. ನಿನ್ನೆಯದೂ ಅಲ್ಲ, ಮೊನ್ನೆಯದೂ ಅಲ್ಲ — ವರ್ಷಗಟ್ಟಲೆ ಸೈನ್ಯದಲ್ಲಿ ಟ್ಯಾಂಕ್ ಓಡಿಸಿದವನ ಹಿಂದಿ ಹೋಯಿತು, ಕನ್ನಡ ಹೋಯಿತು, ಪಾರ್ಶ್ವವಾಯು ಉಳಿಸಿದ್ದು ಅಮ್ಮ ಕಲಿಸಿದ ತುಳುವಿನ ನಾಲ್ಕೈದು ಮಾತು, ಅದರಲ್ಲೂ ಮೊದಲು ನಾಲಿಗೆಗೆ ಬರುವುದು ಇದೇ, ಅತ್ತ್. ಎಲ್ಲ ಆ ಫರ್ಹಾನ ಮಾಡಿದ್ದು, ವ್ಯಾಯಾಮ ಮಾಡಿಸಲಿಕ್ಕೆ ಬಂಟ್ವಾಳದಿಂದ ಬರುವ ಹುಡುಗಿ, ವಿಜೇತಕ್ಕ, ಇವರಿಗೆ ಮನಸ್ಸಿರುವ ಕೆಲಸ ಎಂತದಾದ್ರೂ ಕೊಡಿ, ಬಲಗೈಗೆ ಜೀವ ಬರ್ಲಿಕ್ಕುಂಟು, ಸುಮ್ಮನೆ ಚೆಂಡು ಒತ್ತಿಸಿದ್ರೆ ಆಗುದಿಲ್ಲ. ಸರಿ ಎಂದು ಜೋಡಿಸುವ ಈ ಪ್ಲಾಸ್ಟಿಕ್ ಟ್ಯಾಂಕಿನ ಡಬ್ಬಿ ತರಿಸಿದಳು. ಬಿಡಿಭಾಗ ಬಿಡಿಸಿದ್ದು ಯಾರು, ಇವಳು, ಅಂಟು ಹಚ್ಚಿದ್ದು ಯಾರು, ಇವಳು, ಅಕ್ಕಿಕಾಳಿನಷ್ಟು ಸಣ್ಣ ಚೈನಿನ ಕೊಂಡಿಗಳನ್ನು ಚಿಮುಟದಲ್ಲಿ ಹಿಡಿದು ಕೂಡಿಸಿದ್ದು — ಕಣ್ಣುಮುಚ್ಚಿ ಬ್ಲೌಸಿಗೆ ಹುಕ್ಕು ಹಾಕುವ ಬೆರಳೇ ಬೆವತು ಹೋಗಿತ್ತು — ಅವನ ಬಲಗೈ ಮಾತ್ರ ಮಡಿಲಲ್ಲಿ ಅಂಗೈ ಮೇಲಾಗಿ ಬಿದ್ದೇ ಇತ್ತು, ಎಡಗೈಯನ್ನೂ ಅವನು ಚಾಚಲಿಲ್ಲ. ಮೂಡುಬಿದಿರೆಯಲ್ಲಿ ಅವಳ ಹೊಲಿಗೆ ಅಂಗಡಿಯ ಶಟರ್ ಎಳೆದೇ ಇದೆ, ಶಮ್ನಾ ದಿನಾ ಫೋನ್ ಮಾಡುತ್ತಾಳೆ, ಮದುವೆಗೆ ಮೊದಲು ಬಟ್ಟೆ ಸಿಗ್ತದಾ ಇಲ್ವಾ ಹೇಳಿಬಿಡಿ ಅಕ್ಕ, ಇವಳು ಇಲ್ಲಿ ಬೆಳ್ತಂಗಡಿಯಲ್ಲಿ ಕೂತು ಯುದ್ಧದ ಗಾಡಿಗೆ ಬಣ್ಣ ಬಳಿಯುತ್ತಿದ್ದಾಳೆ. ಅವನ ಟ್ಯಾಂಕಿನ ಬಣ್ಣ ಇವಳಿಗೆ ಹೇಗೆ ಗೊತ್ತಾಗಬೇಕು, ಎಂದಾದರೂ ಹೇಳಿದ್ದನೇ, ರಜೆಯಲ್ಲಿ ಬಂದಾಗ ಅದರ ಒಳಗೆ ಎಂತ ಉಂಟು ಅಣ್ಣ ಅಂದರೆ ಸೆಕೆ ಉಂಟು ಎಂದು ಮಗ್ಗುಲು ಬದಲಿಸುತ್ತಿದ್ದ, ಅಮ್ಮ ತೀರಿಕೊಂಡಾಗ ಮರುಭೂಮಿಯಲ್ಲಿ ಇದ್ದೇನೆ, ಊರಿಗೆ ಬಿಡುದಿಲ್ಲ ಎಂದು ಫೋನ್ ಇಟ್ಟವನು, ಇವಳು ನೋಡಿದ್ದು ಟೀವಿಯ ಪರೇಡಿನಲ್ಲಿ ಹೊಳೆಯುತ್ತ ಹೋಗುವ ಹಸಿರು ಟ್ಯಾಂಕು ಮಾತ್ರ, ಅದೇ ಹಸಿರು ತಾನೇ ಇದು, ಇನ್ನೆಂತ ಬೇಕು ಇವನಿಗೆ.

ಪೊಡಿ, ಎಂದ. ಬೆಳಗ್ಗಿನಿಂದ ಇದೊಂದು ಬೇರೆ, ಬಣ್ಣ ಆಗಲಿಲ್ಲ, ಈಗ ಇವನಿಗೆ ಎಣ್ಣೆಯಲ್ಲಿ ಕರಿದ ಪೋಡಿ ಬೇಕಂತೆ, ಆಯ್ತು, ಮಾಡ್ತೇನೆ, ಅದೊಂದು ಯಾಕೆ ಕಡಿಮೆ — ಜೀಗುಜ್ಜೆ ಹೆಚ್ಚಿ, ಬಾಣಲೆಗೆ ಎಣ್ಣೆ ಸುರಿದು, ತಟ್ಟೆಗೆ ಕಡ್ಲೆಹಿಟ್ಟು ಹಾಕಿ ಗಂಟು ಒಡೆಯುತ್ತಿದ್ದಾಳೆ, ಹೊರಗಿನಿಂದ ಮತ್ತೆ, ಪೊಡಿ, ಪೊಡಿ, ಕುರ್ಚಿಯ ಕೈಗೆ ಬಡಿಯುವ ಸದ್ದು, ಹಿಟ್ಟಿನ ಕೈಯಲ್ಲೇ ಓಡಿ ಬಂದು ಟ್ಯಾಂಕನ್ನು ಬಾಚಿಕೊಂಡಳು, ಸಾಕು ಮಾರಾಯ, ನನ್ನಿಂದ ಆಗುದಿಲ್ಲ, ಅಂಗಳಕ್ಕೆ ಬಿಸಾಡ್ತೇನೆ ಇದನ್ನು, ಕೈ ಎತ್ತಿದಳು. ಅಂದ್! ಯಾರ ಸ್ವರ ಅದು, ಆ ಮಾತು ಅವನಲ್ಲಿ ಉಳಿದಿತ್ತೇ — ಅಂದ್, ಹೌದು, ಹೌದು, ಎಡಗೈ ಚಾಚಿ ಕೂಗುತ್ತಿದ್ದಾನೆ, ಅವಳು ಕೈಯಲ್ಲಿದ್ದುದನ್ನು ನೋಡಿದಳು, ಹಸಿ ಹಸಿರಿನ ಮೇಲೆ ಹಿಟ್ಟು ಅಂಟಿದೆ, ಚೈನಿನ ಸಂದಿಯಲ್ಲಿ, ತೋಪಿನ ನಳಿಗೆಯ ಮೇಲೆ, ಇದು ಪರೇಡಿನದಲ್ಲ, ಮರಳು ಹಾರುವ ಬಯಲಿನಲ್ಲಿ ದಿನವಿಡೀ ಓಡಿ ಬಂದದ್ದು. ಪೊಡಿ. ತಿನ್ನುವ ಪೋಡಿ ಅಲ್ಲ, ತುಳುವಿನ ಪೊಡಿ, ಹುಡಿ ಅಣ್ಣ, ಧೂಳಾ, ಧೂಳು ಬೇಕಿತ್ತಾ ನಿನಗೆ, ದೇವರೇ, ನಾನು ಎಣ್ಣೆ ಇಟ್ಟೆ. ತಟ್ಟೆ ತಂದು ಅವನ ಮಡಿಲಲ್ಲಿಟ್ಟಳು, ಅದರ ಅಂಚಿಗೆ ಟ್ಯಾಂಕನ್ನೂ ಇಟ್ಟಳು, ಅವನು ಎಡಗೈಯಲ್ಲಿ ಚಿಟಿಕೆ ಹಿಟ್ಟು ತೆಗೆದು ಉದುರಿಸಿದ, ಊದಿದ, ಮತ್ತೆ ಉದುರಿಸಿದ, ಸಾಲಲಿಲ್ಲ ಅವನಿಗೆ, ಮಡಿಲು ನೋಡಿಕೊಂಡ, ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು, ನಿದ್ದೆಹೋದ ಮಗುವನ್ನು ಎತ್ತುವ ಹಾಗೆ ಎತ್ತಿ, ತಟ್ಟೆಯಲ್ಲಿ ಹೊರಳಿಸಿ, ಟ್ಯಾಂಕಿನ ನೆತ್ತಿಯ ಮೇಲೆ ಇಟ್ಟ. ಎಣ್ಣೆ ಹೊಗೆಯಾಡುತ್ತಿದೆ, ಫೋನ್ ಬಡಿದುಕೊಳ್ಳುತ್ತಿದೆ, ಶಮ್ನಾ ಇರಬೇಕು, ಒಲೆ ಆರಿಸಬೇಕು, ಏಳಬೇಕು, ಎಡಗೈ ಆಗಲೇ ಬಿಟ್ಟಾಗಿದೆ, ಬಲಗೈ ಜಾರಲಿಲ್ಲ, ಹೆಬ್ಬೆರಳು ನಳಿಗೆಯ ಬುಡಕ್ಕೆ ಬಾಗಿದೆ, ಆ ಕೈ, ಹಿಟ್ಟು ಮೆತ್ತಿದ ಆ ಕೈ, ಹಳದಿ ಕೈ —